ಕೈಯಿಂದ ಕೈಗೆ

ಜೂನ್ ೭, ೧೯೫೬. ಗುರುವಾರ

ಕಿವಿಯೊಳಗೆಲ್ಲ ಮರದ ಹೊಟ್ಟು. ಎಷ್ಟು ನೀರು ಹುಯ್ದುಕೊಂಡರೂ ಹೋಗುವುದಿಲ್ಲ. ಎಸ್ಸೆಸ್ಸೆಲ್ಸಿವರೆಗೆ ಓದಿದವನಿಗೆ ಸಾಮಿಲ್ಲಿನಲ್ಲಿ ಸ್ವಿಚ್ ಒತ್ತುವ ಕೆಲಸ! ಯಶವಂತಪುರ ಬಿಟ್ಟು ಎಲ್ಲಾದರೂ ಹೋಗಬೇಕು. ಬೊಂಬಾಯಿ, ಮಿಲಿಟರಿ... ಎಲ್ಲಾದರೂ.

ಈ ಭಾನುವಾರವೂ ಮಿಲ್ ಓಡಬೇಕಂತೆ. ಮಾಲೀಕ ಅಶ್ವತ್ಥಪ್ಪನವರ ಅಪ್ಪಣೆ. ಗರಗಸದ ಹನುಮಯ್ಯಣ್ಣ ಒಪ್ಪಲಿಲ್ಲ. ನಮ್ಮ ಚರ್ಚಿನ ಸಭೆಯವನೇ. ದೀಕ್ಷಾಸ್ನಾನವಾಗಿ ಆರು ವರ್ಷ, ಒಂದು ಆರಾಧನೆ ತಪ್ಪಿಸಿದವನಲ್ಲ. ಒಪ್ಪಿಸು ಎಂದು ಮಾಲೀಕರು ನನಗೆ ಹೇಳಿದರು.

“ಒಂದ್ ಭಾನುವಾರ ತಾನೆ, ಬಾರಣ್ಣ. ದೇವ್ರೇನು ಅಟೆಂಡೆನ್ಸ್ ತಗೊಳ್ತಾನಾ?”

“ಥೂ ಇವ್ನ. ಸಭೇಲಿ ಪಾಠ ಓದೋನು, ಇಂಗಾ ಮಾತಾಡೋದು?”

ನಕ್ಕ. ಕೊನೆಗೆ ಬರುತ್ತೇನೆಂದ.

ಜೂನ್ ೧೧. ಸೋಮವಾರ

ಎರಡು ಬೆರಳು. ಬಲಗೈ.

ನಿನ್ನೆ ಗರಗಸ ನಿಲ್ಲಿಸಿಕೊಂಡು ಹನುಮಯ್ಯಣ್ಣ ಅಡಿಯ ಹೊಟ್ಟು ತೆಗೆಯುತ್ತಿದ್ದ. ಅವನು “ಹಾಕು” ಎಂದು ಕೂಗುವವರೆಗೆ ನಾನು ಸ್ವಿಚ್ ಮುಟ್ಟಬಾರದು. ಇಡೀ ದಿನಕ್ಕೆ ನನ್ನದು ಅದೊಂದೇ ಕೆಲಸ. ಅವನು ಕೂಗಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಮಿಲಿಟರಿ ಲಾರಿಗಳನ್ನು ನೋಡುತ್ತ ನಾನು ಒತ್ತಿಬಿಟ್ಟೆ.

ಮಾಲೀಕರು ಕೇಳಿದಾಗ ಬಾಯಿಗೆ ಬಂದದ್ದು — “ಹಾಕು ಅಂತ ಕೂಗ್ದ ಸಾರ್. ಅದಕ್ಕೇ ಹಾಕ್ದೆ.”

ಜೂನ್ ೨೩. ಶನಿವಾರ

ಹೇಳಿಬಿಡಬೇಕೆಂದೇ ಅವನ ಮನೆಗೆ ಹೋದೆ. ಕೈಗೆ ದಪ್ಪ ಬ್ಯಾಂಡೇಜು. ಅವನೇ ಮಾತೆತ್ತಿದ.

“ನಾನ್ ಆಕು ಅಂದಿದ್ದು ಗ್ಯಾಪ್ಕಾನೇ ಇಲ್ಲ ಕಣಪ್ಪ.”

“ಅಂದೇ ಇರಾಕಿಲ್ಲ,” ಎಂದಳು ಅವನ ಹೆಂಡತಿ ಮಾರಕ್ಕ. “ಇಪ್ಪತ್ ವರ್ಸದ ಕೆಲ್ಸ.”

“ಸುಮ್ಕಿರು. ಜಯಶೀಲ ಸುಳ್ ಯೋಳ್ತಾನಾ? ಸತ್ಯವೇದ ಓದೋ ಬಾಯಿ ಅದು.”

ಮಾರಕ್ಕ ನನ್ನನ್ನೇ ನೋಡಿದಳು. ಕಾಫಿ ಕುಡಿದು ಎದ್ದು ಬಂದೆ.

ಜುಲೈ ೧. ಭಾನುವಾರ

ಕರ್ತನ ಭೋಜನದ ದಿನ. ದೇವರು ತಮ್ಮ ಬಾಳಿನಲ್ಲಿ ಮಾಡಿದ್ದಕ್ಕೆ ಸಾಕ್ಷಿ ಹೇಳುವವರು ಯಾರಾದರೂ ಇದ್ದಾರೆಯೇ ಎಂದು ಪಾದ್ರಿ ಅಯ್ಯನವರು ಸಭೆಯನ್ನು ಕೇಳಿದರು. ಹನುಮಯ್ಯಣ್ಣ ಎದ್ದ.

“ಕರ್ತನ ದಿನ ಬಿಟ್ಟು ಗರಗಸದ ತಾವ ಓದೆ. ದೇವ್ರು ನನ್ ಬುದ್ಧಿ ಮಂಕು ಮಾಡಿ, ನನ್ ಬಾಯಿಂದ್ಲೇ ಆಕು ಅನ್ಸಿ, ಶಿಕ್ಷೆ ಕೊಟ್ಟ. ತಪ್ಪು ನಂದು.”

ಹೆಂಗಸರ ಕಡೆ ಅಳು. ಅಯ್ಯನವರು ಕಣ್ಣು ಮುಚ್ಚಿ ಆಮೆನ್ ಎಂದರು.

ರೊಟ್ಟಿ, ದ್ರಾಕ್ಷಾರಸಕ್ಕೆ ಎಲ್ಲರೂ ಮುಂದೆ ಹೋದರು. ಅವನೊಬ್ಬ ಹೊರಗೆ ಜಗಲಿಯ ಮೇಲೆ ಹೋಗಿ ಕುಳಿತ. ದೇವರೇ ಹೊಡೆದವನು ದೇವರ ಮೇಜಿಗೆ ಯೋಗ್ಯನಲ್ಲವಂತೆ.

ನಾನು ಹೋದೆ. ಮಂಡಿಯೂರಿದೆ. ತೆಗೆದುಕೊಂಡೆ.

ಜುಲೈ ೮. ಭಾನುವಾರ

ಇವತ್ತು ಅಯ್ಯನವರ ಪ್ರಸಂಗದಲ್ಲಿ ಅವನ ಬೆರಳು. ಕರ್ತನ ದಿನವನ್ನು ಮರೆತವರಿಗೆ ಎಚ್ಚರಿಕೆ. ಆಮೇಲೆ ಹೊರಗೆ ಮಕ್ಕಳು ಅವನ ಕೈ ನೋಡಿ ದೂರ ಸರಿದವು. ನನ್ನ ಸುಳ್ಳು ಈಗ ದೇವರ ಹೆಸರಿನಲ್ಲಿ ಓಡಾಡುತ್ತಿದೆ...

ಜುಲೈ ೨೮. ಶನಿವಾರ

ಹೊಸ ಆರಾಧನಾ ಕ್ರಮ ಬಂದಿದೆ. ನಾಳೆ ಬಿಟ್ಟು ಮುಂದಿನ ಭಾನುವಾರದಿಂದ ಭೋಜನಕ್ಕೆ ಮೊದಲು ಒಬ್ಬರಿಗೊಬ್ಬರು ಕೈ ಹಿಡಿದು ದೇವರ ಸಮಾಧಾನ ಕೊಡಬೇಕು. ಮೇಜಿನ ಬಳಿ ಅಯ್ಯನವರು ಕೊಟ್ಟದ್ದು ಕೈಯಿಂದ ಕೈಗೆ, ಸಾಲಿನ ಕೊನೆಯವನವರೆಗೂ ಹೋಗಬೇಕು. ಬಲ ಅಂಗೈಗೆ ಬಲ ಅಂಗೈ, ಅದರ ಮೇಲೆ ಎಡಗೈ. ಮನಸ್ತಾಪ ಇದ್ದವರು ಮೊದಲು ಸರಿಮಾಡಿಕೊಂಡು ಬರಬೇಕು. ಇವತ್ತು ಪ್ರಾಕ್ಟೀಸ್ ಮಾಡಿಸಿದರು.

“ಮೀನ್ ತೊಳ್ದಿರೋ ಕೈ, ಪರ್ವಾಗಿಲ್ವಾ ಅಯ್ನೋರೆ?” ಎಂದಳು ಮೀನು ಮಾರುವ ಮುನಿಕೃಷ್ಣಮ್ಮ.

“ಬೆಸ್ತ ಪೇತ್ರನ ಕೈಯೂ ಅಂಥದ್ದೇ ಕಣಮ್ಮ.”

ಎಲ್ಲರೂ ನಕ್ಕರು. ನಾನೂ.

ಗಂಡಸರ ಸಾಲಿಗೆ ಸಮಾಧಾನ ಒಯ್ಯುವವನು ನಾನಂತೆ. ಪಾಠ ಓದುವ ಹುಡುಗನಲ್ಲವೇ. “ಜಗಲೀಲಿ ಕೂರ್ತಾನಲ್ಲ, ಹನುಮಯ್ಯ, ಅವನಿಗೂ ಮುಟ್ಟಿಸಪ್ಪ,” ಎಂದರು ಅಯ್ಯನವರು.

ಆಗಸ್ಟ್ ೪. ಶನಿವಾರ

ಹನುಮಯ್ಯಣ್ಣ ಮಿಲ್ಲಿಗೆ ಬಂದಿದ್ದ, ಕೆಲಸ ಕೇಳಲು. ಅಶ್ವತ್ಥಪ್ಪನವರು ಕೂರಲೂ ಹೇಳಲಿಲ್ಲ. “ಗ್ಯಾನ ಇಲ್ದೋನ್ನ ಗರಗಸದ ಹತ್ರ ಹೆಂಗಯ್ಯಾ ಬಿಡ್ಲಿ?” ತಲೆ ತಗ್ಗಿಸಿಕೊಂಡು ಹೋದ. ನಾನು ಸ್ವಿಚ್ಚಿನ ಪಕ್ಕದಲ್ಲೇ ನಿಂತಿದ್ದೆ.

ಹೇಳಿದರೆ ಕೆಲಸ ಹೋಗುತ್ತದೆ. ಸಭೆಯಲ್ಲಿ ಓದುವುದೂ. ಅಮ್ಮನ ಮುಖ... ಹೇಳದಿದ್ದರೆ ನಾಳೆ ಈ ಕೈಯಿಂದ ಅವನಿಗೆ ಏನು ಕೊಡಲಿ?

ಆಗಸ್ಟ್ ೫. ಭಾನುವಾರ, ಮಧ್ಯಾಹ್ನ

ಅಯ್ಯನವರ ಕೈ ಬೆಚ್ಚಗಿತ್ತು. ಮೊದಲನೇ ಚಾಪೆಯವರು ಕೈ ಚಾಚಿದ್ದರು. ಅವರನ್ನು ದಾಟಿ ನೇರ ಜಗಲಿಗೆ ಹೋದೆ.

ಹನುಮಯ್ಯಣ್ಣ ಬಲಗೈಯನ್ನು ಟವೆಲ್ಲಿನಡಿ ಮುಚ್ಚಿಕೊಂಡು ಎಡಗೈ ಕೊಟ್ಟ.

“ಬಲಗೈ ಕೊಡಣ್ಣ.”

“ಬ್ಯಾಡ ಕಣಪ್ಪ. ದೇವ್ರು ಒಡ್ದಿರೋ ಕೈ ಅದು.”

“ದೇವ್ರಲ್ಲ ಅಣ್ಣ. ನಾನು. ನೀನು ಕೂಗ್ಲೇ ಇಲ್ಲ. ಎಲ್ಲೋ ನೋಡ್ತಾ ನಾನೇ ಒತ್ತಿಬಿಟ್ಟೆ.”

ಮೆಲ್ಲಗೆ ಹೇಳಬೇಕೆಂದಿದ್ದೆ. ಒಳಗಿನವರಿಗೆಲ್ಲ ಕೇಳಿಸಿತು. ಹೆಂಗಸರ ಕಡೆಯಿಂದ ಮಾರಕ್ಕನ ದನಿ — “ಯೋಳಿರ್ಲಿಲ್ವಾ ನಾನು!”

ಹೊಡೆಯುತ್ತಾನೆಂದುಕೊಂಡೆ. ಕೇಳಿದ್ದು ಒಂದೇ ಮಾತು.

“ಅಂಗಾದ್ರೆ... ದೇವ್ರಿಗೆ ನನ್ ಮ್ಯಾಲೆ ಕ್ವಾಪ ಇರ್ಲಿಲ್ವಾ?”

“ಇಲ್ಲಣ್ಣ.”

ಎದ್ದ. ನನ್ನನ್ನು ಬದಿಗೆ ಸರಿಸಿ ಒಳಗೆ ನಡೆದ. ಟವೆಲ್ ಹೆಗಲ ಮೇಲಿಂದ ಜಾರಿತು, ಎತ್ತಿಕೊಳ್ಳಲಿಲ್ಲ. ಮೇಜಿನ ಮುಂದೆ ಮಂಡಿಯೂರಿ ಎರಡೂ ಕೈ ಚಾಚಿದ. ಅಯ್ಯನವರು ಅವನ ಕೈಗೆ ರೊಟ್ಟಿ ಇಟ್ಟರು.

ನನ್ನ ಕೈಯನ್ನು ಅವನು ಮುಟ್ಟಲಿಲ್ಲ. ಸಮಾಧಾನ ನನ್ನಲ್ಲೇ ನಿಂತುಹೋಯಿತು. ಉಳಿದ ಆರಾಧನೆಯೆಲ್ಲ ಜಗಲಿಯ ಮೇಲೆ ಕುಳಿತೇ ಕೇಳಿದೆ.

ಆಗಸ್ಟ್ ೬. ಸೋಮವಾರ, ಸಂಜೆ

ಬೆಳಗ್ಗೆ ಅಶ್ವತ್ಥಪ್ಪನವರಿಗೆ ಎಲ್ಲವನ್ನೂ ಬರೆದುಕೊಟ್ಟೆ. ಓದಿದರು. ನಾಳೆಯಿಂದ ಬರಬೇಡ ಎಂದರು. ಹನುಮಯ್ಯಣ್ಣನಿಗೆ ಕೆಲಸಕ್ಕೆ ಬಾ ಎಂದು ಹೇಳಿ ಕಳಿಸಿದ್ದಾರೆ. ಅಷ್ಟಾಯಿತು.

ಅಮ್ಮ ಅನ್ನ ಬಡಿಸಿ ಗೋಡೆ ಕಡೆ ತಿರುಗಿ ಕುಳಿತಳು.

ಬೀದಿಯಲ್ಲಿ ಹನುಮಯ್ಯಣ್ಣನ ದನಿ. “ಜಯಶೀಲ ಅವ್ನಾ?” ಅಮ್ಮ ಬಾಗಿಲು ತೆಗೆದಿದ್ದಾಳೆ. ಕಿಟಕಿಯಿಂದ ಕಾಣುತ್ತಿದೆ, ಒಬ್ಬನೇ ಬಂದಿದ್ದಾನೆ. ಒಳಗೆ ಬರುವುದಿಲ್ಲವಂತೆ, ನಾನೇ ಹೊರಗೆ ಹೋಗಬೇಕಂತೆ.

ಹೋಗುತ್ತೇನೆ. ಹೊಡೆದರೆ ಹೊಡೆಸಿಕೊಳ್ಳುತ್ತೇನೆ, ಅದು ಕಷ್ಟವಲ್ಲ. ಕೈ ಚಾಚಿದರೆ —