ಕಂಪನಿಯದಲ್ಲದ ಪಟ್ಟಿ

ಅಪ್ಪಾ,

ನೀವು ಮಾರಿದ್ದ ರಾಜದೂತ್ ಮೋಟರ್‌ಸೈಕಲ್ ಮತ್ತೆ ನಮ್ಮ ಬಾಗಿಲ ಮುಂದೆ ನಿಂತಿದೆ. ಅದರ ಹೊಳಪು ನೋಡಿದರೆ ನನಗೆ ಹೇಸಿಗೆಯಾಗುತ್ತದೆ.

ನೀವು ತೀರಿಕೊಂಡ ಮೇಲೆ ಅದನ್ನು ಹುಡುಕತೊಡಗಿದೆ. ರಾಮದುರ್ಗದ ಗುಜರಿಯೊಂದರಲ್ಲಿ ನಂಬರ್ ನೋಡಿ ಗುರುತು ಹಿಡಿದೆ. ಬೈಲಹೊಂಗಲದ ಮೆಕ್ಯಾನಿಕ್ ಮಹಮ್ಮದಗೌಸ ಆರು ತಿಂಗಳು ಕೂತು ಎಲ್ಲ ಬಿಚ್ಚಿ ಕಟ್ಟಿದರು. ಹಿಂದೆ ಕೂರುವವರ ಫುಟ್‌ರೆಸ್ಟಿನ ಮೇಲೆ, ನಾಲ್ಕು ಬೆರಳು ಎತ್ತರದಲ್ಲಿ, ವೆಲ್ಡಿಂಗ್ ಮಾಡಿದ ಒಂದು ಕಬ್ಬಿಣದ ಪಟ್ಟಿ ಇತ್ತು.

"ಇದು ಕಂಪನೀದಲ್ಲರಿ. ಆದ್ರ ಯಾರೋ ಅಳತಿ ಹಿಡದು ಮಾಡಿಸ್ಯಾರ. ಇರಲೇನ್ರಿ?" ಎಂದು ಕೇಳಿದರು.

"ಒರಿಜಿನಲ್ ಇದ್ದಂಗ ಇರಬೇಕ್ರಿ, ಕಟ್ ಮಾಡಿ ಒಗೀರಿ" ಎಂದೆ, ಭಾರಿ ತಿಳಿದವನ ಹಾಗೆ.

ಇವತ್ತು ಬೆಳಿಗ್ಗೆ ಅವ್ವ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಳು. ಮುರಗೋಡಕ್ಕೆ ಇದೇ ಗಾಡಿಯಲ್ಲಿ ಹೋಗಬೇಕೆಂದು ಅವಳ ಆಸೆ. ಹಿಂದೆ ಅಡ್ಡಡ್ಡ ಕೂತಳು. ಒಂದು ಕಾಲಿಗೆ ಫುಟ್‌ರೆಸ್ಟ್ ಸಿಕ್ಕಿತು. ಗಿಡ್ಡ ಕಾಲು ಮಾತ್ರ ಅದರ ಮೇಲೆ ಏನನ್ನೋ ತಡವುತ್ತಾ ತಡವುತ್ತಾ ಜೋತುಬಿತ್ತು.

"ಇಲ್ಲೊಂದು ಪಟ್ಟಿ ಇತ್ತಲ್ಲೋ" ಎಂದಳು. ನಾನು ಬಗ್ಗಿ ಪಟ್ಟಿ ಕತ್ತರಿಸಿದ ಜಾಗ ನೋಡಿದೆ.

"ಇರಲಿ ಬಿಡು, ಬಸ್ಸಿಗೆ ಹೋಗತೇನಿ" ಎಂದು ಇಳಿದಳು.

ಗಾಡಿ ಮಾರಿದಾಗ ನಾನು ಮೂರು ವರ್ಷದವನು ಎಂಬ ನೆಪ ನಿಮ್ಮ ಮುಂದೆ ನಡೆಯುವುದಿಲ್ಲ. ನಲವತ್ತು ವರ್ಷದಿಂದ ಅವಳು ಕುಂಟುವುದನ್ನು ನೋಡುತ್ತಿದ್ದೇನೆ. ಆ ಪಟ್ಟಿ ಯಾರ ಅಳತೆಯದೆಂದು ನನಗೆ ಹೊಳೆಯಲೇ ಇಲ್ಲ.

ಅವಳನ್ನು ಬಸ್ ಹತ್ತಿಸಿ ಬಂದಾಗ ಓಣಿಯಲ್ಲಿ ಯಾರೋ ಇಬ್ಬರು ನಿಂತು ಗಾಡಿಯ ಫೋಟೋ ತೆಗೆಯುತ್ತಿದ್ದರು.

"ಎಲ್ಲಾ ಒರಿಜಿನಲ್ ಏನ್ರಿ?" ಎಂದು ಕೇಳಿದರು.

"ಹೌದ್ರಿ" ಎಂದೆ.