ಒಂದು ತಟ್ಟಿದರೆ ಹೌದು

ಜೂನ್ ೩, ಬೆಳಿಗ್ಗೆ

ಇವರ ಗಡ್ಡ ಬೋಳಿಸಿದ್ದಾಯಿತು. ಇವತ್ತು ಕೈ ತಳ್ಳಲಿಲ್ಲ, ಪುಣ್ಯ. ಮಾತ್ರೆ ನುಂಗಿದರು. ಆಮೇಲೆ ಎಂದಿನ ಪ್ರಶ್ನೆ, ಹೆಂಡತಿ ಫೋನ್ ಮಾಡಿದಳಾ ಅಂತ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ಹೆಂಡತಿ ಎದುರಿಗೇ ಬ್ರಶ್ ಹಿಡಿದು ನಿಂತಿದ್ದಾಳೆ!

ಮೊದಮೊದಲು "ನಾನೇ ರೀ" ಅನ್ನುತ್ತಿದ್ದೆ. ಅವರ ಮುಖದ ಗಾಬರಿ ನೋಡಲಾರದೆ ಬಿಟ್ಟೆ. ಈಗ ನಾನು ಮನೆಕೆಲಸಕ್ಕೆ ಬಂದ ಹೆಂಗಸು. ಬನ್ನಿ, ಕೂತ್ಕೊಳ್ಳಿ ಅಂತ ಬಹುವಚನ ಬೇರೆ. ಮದುವೆಯಾದಾಗಿನಿಂದ ಸಿಗದ ಮರ್ಯಾದೆ.

ಜೂನ್ ೩, ಮಧ್ಯಾಹ್ನ

ಡಾಕ್ಟರ್ ಹೇಳಿದ್ದು ಸರಿ. ಇವರ ನೆನಪು ಒಂದೇ ಕಡೆ ನಿಂತುಬಿಟ್ಟಿದೆ. ಇವರ ಲೆಕ್ಕದಲ್ಲಿ ನಾನಿನ್ನೂ ಹೊರದೇಶದಲ್ಲಿ, ಆ ಸಂಗೀತ ನಾಟಕದಲ್ಲಿ.

ಆಗ ಇಲ್ಲಿ ನಾವಿಬ್ಬರೂ ಒಂದೇ ನಾಟಕ ಕಂಪನಿ. ನಾನು ಹಾಡುವವಳು, ಇವರು ಲೈಟಿನವರು. ನಾಟಕ ನೋಡಲು ಬಂದಿದ್ದ ಪರದೇಶದ ನಿರ್ದೇಶಕಿ ನನ್ನನ್ನು ಆರಿಸಿಕೊಂಡಳು. ದೋಣಿ ನಡೆಸುವ ವಿಧವೆಯ ಪಾತ್ರ... ಅದೇ ಮುಖ್ಯ. ಅವರ ಭಾಷೆ ನನಗೆ ಒಂದಕ್ಷರ ಬಾರದು. ಮಗಳಿನ್ನೂ ಶಾಲೆಗೆ ಹೋಗುವವಳು. ಆಗಲ್ಲ ಅಂದೆ. ದೂಡಿದವರು ಇವರೇ. "ಲೈಟ್ ಬಿಡೋಕೆ ಯಾರಾದ್ರೂ ಸಿಗ್ತಾರೆ ಕಣೇ. ಆ ಲೈಟಲ್ಲಿ ನಿಂತು ಹಾಡೋರು ಸಿಗಲ್ಲ. ಹೋಗು."

ಹೋದೆ.

ಜೂನ್ ೫

ನಿನ್ನೆಯಿಂದ ಊಟ ಬಿಟ್ಟಿದ್ದಾರೆ. ಫೋನ್ ಬರಲಿ, ಆಮೇಲೆ ಉಣ್ಣುತ್ತಾರಂತೆ. ಮಗಳು ಉಪಾಯ ಹೇಳಿದಳು. ಅಡುಗೆಮನೆಯಿಂದ ಮೊಬೈಲಿನಲ್ಲಿ ಹಾಲ್‌ನ ಫೋನಿಗೆ ಮಾಡಿದೆ. ಎತ್ತಿದರು. "ರೀ, ನಾನು" ಅಂದೆ. ಪಟ್ಟನೆ ಇಟ್ಟರು.

ಹೋಗಿ ವಿಚಾರಿಸಿದೆ. ಯಾರೋ ಮೋಸಗಾರ್ತಿಯಂತೆ. "ನಾಟಕದ ದಿನ ನನ್ನ ಹೆಂಡತಿ ಬಾಯಿ ಬಿಡಲ್ಲ ಅಮ್ಮಾ."

ನನಗೇ ಮರೆತಿತ್ತು. ಅಲ್ಲಿ ಸ್ವರ ಕಲಿಸುವ ಮೇಷ್ಟ್ರ ಕಟ್ಟಪ್ಪಣೆ — ಮುಖ್ಯ ಪಾತ್ರದವರು ಪ್ರದರ್ಶನದ ದಿನ ಪರದೆ ಏಳುವವರೆಗೆ ಮಾತಾಡಕೂಡದು. ಪ್ರದರ್ಶನವೋ ದಿನವೂ. ಆದ್ದರಿಂದ ಫೋನಿನಲ್ಲಿ ಇವರೇ ಮಾತಾಡುವುದು, ನಾನು ರಿಸೀವರ್ ಮೇಲೆ ಉಗುರಿನಿಂದ ತಟ್ಟುವುದು. ಒಂದು ಹೌದು, ಎರಡು ಇಲ್ಲ. ತಿಂದ್ಯಾ? ಒಂದು. ಚಳೀನಾ? ಒಂದು. ಅಳ್ತಿದ್ದೀಯಾ? ಎರಡು.

ಮತ್ತೆ ಮಾಡಿದೆ. ಮಾತಾಡಲಿಲ್ಲ, ತಟ್ಟಿದೆ.

"ಬಂದ್ಯಾ!" ಅಂದರು. ಎಷ್ಟು ವರ್ಷವಾಗಿತ್ತೋ ಆ ದನಿ ಕೇಳಿ. ಆಮೇಲೆ ತಟ್ಟೆ ತುಂಬ ಉಂಡರು. ನನ್ನನ್ನು ಮರೆತವರಿಗೆ ನನ್ನ ಉಗುರು ನೆನಪಿದೆ.

ಜೂನ್ ೧೪

ದಿನವೂ ಫೋನ್. ಮೊದಲ ಪ್ರದರ್ಶನದ ಕಥೆ ಇವತ್ತು ನನಗೇ ಹೇಳಿದರು, ನಾನೇ ಬರೆದು ಕಳಿಸಿದ್ದ ಕಥೆ. ಕೊನೆಯ ಹಾಡು ಮುಗಿದದ್ದೇ ಜನರೆಲ್ಲ ಎದ್ದು ನಿಂತರು. ನಮ್ಮ ಕಂಪನಿಯಲ್ಲಿ ಜನ ಎದ್ದರೆಂದರೆ ಮನೆಗೆ ಹೊರಟರು ಅಂತ ಅರ್ಥ. ಕೆಟ್ಟೆ, ನಾಟಕ ಮುಳುಗಿತು ಅಂದುಕೊಂಡು ಒಳಗೆ ಓಡಿದೆ. ಉಡುಪು ತೊಡಿಸುವ ಹೆಂಗಸು ರಟ್ಟೆ ಹಿಡಿದು ವಾಪಸ್ ತಳ್ಳಿದಳು. ಜನ ಇನ್ನೂ ನಿಂತಿದ್ದರು, ಕೈ ತಟ್ಟುತ್ತ.

ಹೇಳಿ ಹೇಳಿ ನಕ್ಕರು. ನಾನು ಒಲೆಯ ಪಕ್ಕ ನಿಂತು ಒಂದು ತಟ್ಟಿದೆ, ಹೌದು, ಹೌದು.

ಜುಲೈ ೨

ಹೊಟ್ಟೆಕಿಚ್ಚು. ಯಾರ ಮೇಲೆ ಅಂದರೆ ನನ್ನ ಮೇಲೇ! ಫೋನಿನಾಚೆಯ ಆ ಮಹಾರಾಣಿಗೆ ಮುದ್ದು ಮಾತು. ಅವಳ ಹಾಡು, ಅವಳ ಹಟ, ಅವಳ ಸಿಟ್ಟು ಎಲ್ಲ ಚೆಂದ. ಸ್ನಾನ ಮಾಡಿಸಿ, ಹಾಸಿಗೆ ಒಗೆಯುವವಳಿಗೆ "ಥ್ಯಾಂಕ್ಸ್ ಅಮ್ಮಾ."

ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಒಂದು ಸಲ, ಒಂದೇ ಒಂದು ಸಲ, ನನ್ನ ಮುಖ ನೋಡಿ "ಬಂದ್ಯಾ" ಅಂದರೆ ಸಾಕು. ಬೇರೇನೂ ಬೇಡ.

ಜುಲೈ ೨೧

ಬರೆಯಲು ಆಗಿರಲಿಲ್ಲ. ಜ್ವರ, ಆಸ್ಪತ್ರೆ, ಮತ್ತೆ ಮನೆ. ತುಂಬ ಸೊರಗಿದ್ದಾರೆ. ಇನ್ನು ಎಷ್ಟು ದಿನವೋ ಹೇಳೋಕಾಗಲ್ಲ ಅಂದರು ಡಾಕ್ಟರ್. ಫೋನ್ ಮಾತ್ರ ತಪ್ಪಿಲ್ಲ.

ಜುಲೈ ೨೪, ಮಧ್ಯಾಹ್ನ

ಫೋನ್ ಮಾಡಿದೆ. ನಾಟಕ ಮುಗೀತಾ ಅಂತ ಕೇಳಿದರು. ಎರಡು ತಟ್ಟಿದೆ. ನನ್ನ ನೆನಪಾಗುತ್ತಾ ಅಂದರು. ಒಂದು. ಅಷ್ಟಕ್ಕೇ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡರೂ ಸದ್ದು ಹೊರಗೆ ಬಂದೇಬಿಟ್ಟಿತು.

ಅವರು ಪಿಸುಮಾತಿನಲ್ಲಿ, "ಇಲ್ಲೊಬ್ರು ನನ್ನ ನೋಡ್ಕೊಳ್ತಾರೆ ಕಣೇ. ಒಳ್ಳೆಯವರು. ಅಡುಗೆಮನೇಲಿ ಅಳ್ತಾ ಇದ್ದಾರೆ. ಹೋಗಿ ನೋಡ್ಲಾ? ಫೋನ್ ಇಡ್ಲಾ?"

ಹೆಂಡತಿಯ ಫೋನನ್ನು ಈವರೆಗೆ ಅವರಾಗಿ ಇಟ್ಟವರಲ್ಲ.

ಒಂದು ತಟ್ಟಿದೆ.

ಗೋಡೆ ಹಿಡಿದುಕೊಂಡು ಬಂದರು. ಹೆಗಲ ಮೇಲಿನ ಟವೆಲ್ ಕೊಟ್ಟರು. "ಯಾಕಮ್ಮಾ, ನಿಮ್ಮನೆಯವರು ದೂರ ಇದ್ದಾರಾ?"

ದೂರ ಅಂದೆ. ತುಂಬ ದೂರ.

"ನನ್ನವಳೂ ಅಷ್ಟೇ. ಬಿಡಿ, ಇಬ್ರೂ ಕೂತು ಕಾಯೋಣ."

ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಇನ್ನೂ ಕೂತಿದ್ದಾರೆ. ನಾನು ಬರೆಯುವುದನ್ನೇ ನೋಡುತ್ತಿದ್ದಾರೆ. ಇದನ್ನು ಕಾಗದ ಅಂದುಕೊಂಡು, ಯಾರಿಗೆ ಅಂತ ಕೇಳುತ್ತಿದ್ದಾರೆ. ನಾನು —