ಒಂಟಿ ಶೂ

ಜೂನ್ 19, ಗುರುವಾರ

ಮೈಯೆಲ್ಲ ಹಿಂಡಿ ಹಿಪ್ಪೆಯಾಗಿದೆ. ಪುಟಾಣಿಗಳ ಮೂಗು ಒರೆಸಿ, ಚಡ್ಡಿ ಬದಲಿಸಿ, ಮನೆಗೆ ಬಿಡುವ ಹೊತ್ತಿಗೆ ನನ್ನ ಹೆಸರೇ ನನಗೆ ಮರೆತಿರುತ್ತದೆ. ಇವತ್ತು ಆ ಹೊತ್ತಿಗೇ ಗುಬ್ಬಿಯ ಒಂದು ಶೂ ಕಾಣೆಯಾಯಿತು. ಮೂರೂವರೆ ವರ್ಷದ ಹುಡುಗಿ. ಈ ವಾರವಿಡೀ ಬೆಲ್ ಹೊಡೆದ ಕೂಡಲೇ ಏನಾದರೊಂದು ರಗಳೆ. "ಎಲ್ಲಿಟ್ಟೆ ಹೇಳೇ, ನನ್ನ ಪ್ರಾಣ ತಿನ್ಬೇಡ" ಎಂದು ಗದರಿದೆ. ಆಯಾ ನಕ್ಕಳು: "ನಿಮ್ಮನ್ನೇ ಅಂಟ್ಕೊಂಡಿದಾಳೆ ಮಿಸ್, ನಿಮ್ಮನೆಗೇ ಕರ್ಕೊಂಡ್ಹೋಗಿ."

ಗೇಟಿನಲ್ಲಿ ಅವಳ ಚಿಕ್ಕಪ್ಪ. ಸೋಮವಾರದಿಂದ ಅವನೇ ಬರುತ್ತಿದ್ದಾನೆ. ಬರಿಗಾಲು ನೋಡಿಯೂ ಸಿಟ್ಟಾಗಲಿಲ್ಲ. "ಇರ್ಲಿ ಬಿಡಿ ಮಿಸ್, ಮನೇಲಿ ನಾನು ಕೇಳ್ಕೋತೀನಿ" ಎಂದು ನಗುತ್ತಾ ಎತ್ತಿಕೊಂಡ. ಅವಳು ಅಳಲಿಲ್ಲ, ಮೈ ಸೆಟೆದುಕೊಂಡಳು. ನಾನು ಇನ್ನೊಂದು ಮಗುವಿನ ಬ್ಯಾಗಿನ ಜಿಪ್ ಎಳೆಯತೊಡಗಿದೆ.

ಈಗ ಮನೆಯಲ್ಲಿ ಓದೋಣವೆಂದು ನನ್ನ ಚೀಲದಿಂದ ಕವನ ಸಂಕಲನ ತೆಗೆದರೆ ಅದರಡಿ ಆ ಶೂ. ಶೂ ಇಲ್ಲದಿದ್ದರೆ ಮನೆಗೆ ಹೋಗಬೇಕಾಗಿಲ್ಲ ಎಂದುಕೊಂಡಿತೇ ಮಗು?

ಅವಳ ತಾಯಿಯ ಮೊಬೈಲಿಗೆ ಫೋನ್ ಮಾಡಿದೆ. ಎತ್ತಿದ್ದು ಆ ಚಿಕ್ಕಪ್ಪ. ನಾನು ಬಾಯಿ ತೆರೆಯುವ ಮೊದಲೇ, "ಶೂ ನಿಮ್ ಬ್ಯಾಗಲ್ಲೇ ಸಿಕ್ತಲ್ವಾ ಮಿಸ್?" ಎಂದ.

ನಾಳೆ ಅವಳನ್ನು ಅವನ ಕೈಗೆ ಕೊಡುವುದಿಲ್ಲ. ನಾಳೆ ಅವಳು ಬಂದರೆ...